ಗುತ್ತಲದ ಹಾದಿಯಲ್ಲಿ ಚಾರ್ಜು ಮುಗಿದಾಗ

ರೈಲು ನಿಂತ ಮೇಲೂ ಬಹಳ ದಿನ ನನಗೆ ಆ ಹೊತ್ತಿಗೇ ಎಚ್ಚರವಾಗುತ್ತಿತ್ತು. ರಾಣೇಬೆನ್ನೂರಿನಲ್ಲಿ ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಹಳಿ. ಹರಿಹರದ ಕಡೆಯಿಂದ ಬರುವ ಬೆಳಗಿನ ಪ್ಯಾಸೆಂಜರಿನ ಕೂಗು ಅಡುಗೆಮನೆಗೆ ಕೇಳಿಸುತ್ತಿತ್ತು. ಅದು ಕೇಳಿದ ಮೇಲೆ ಬುತ್ತಿ ಕಟ್ಟಿಕೊಂಡು ಓಡಿದರೂ ರೈಲು ಸಿಗುತ್ತಿತ್ತು. ಕರೋನಾದ ಮೊದಲ ಬೇಸಿಗೆಯಲ್ಲಿ ಆ ಕೂಗು ನಿಂತಿತು. ಮೈಗೆ ಮಾತ್ರ ಅದು ತಿಳಿಯಲಿಲ್ಲ. ಕಣ್ಣು ಬಿಟ್ಟು ಹಾಸಿಗೆಯಲ್ಲೇ ಕೂತು ಕಿವಿಗೊಡುತ್ತಿದ್ದೆ. ಹೊರಗೆ ಗುಬ್ಬಿಗಳ ಸದ್ದು, ಯಾರದೋ ಅಂಗಳಕ್ಕೆ ನೀರು ಹೊಡೆಯುವ ಸದ್ದು. ನಾನು ನಿಜವಾಗಿ ಎದ್ದಿದ್ದೇನೆಯೋ, ಎದ್ದಂತೆ ಕನಸು ಬಿದ್ದಿದೆಯೋ ಎಂದು ಒಂದು ಗಳಿಗೆ ಗೊತ್ತಾಗುತ್ತಿರಲಿಲ್ಲ.

ನಾನು ಹಾವೇರಿಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಬಂದವರ ಕಣ್ಣು ನೋಡಿ ನಂಬರು ಹೇಳುವುದು, ಚೌಕಟ್ಟು ಹೊಂದಿಸಿಕೊಡುವುದು ನನ್ನ ಕೆಲಸ. ಮದುವೆಯಾಗಿ ರಾಣೇಬೆನ್ನೂರಿಗೆ ಬಂದ ಮೇಲೂ ಆ ಕೆಲಸ ಬಿಡಲಿಲ್ಲ. ಹಾಗಾಗಿ ದಿನಾ ರೈಲು. ನಮ್ಮ ಡಬ್ಬಿಗೆ ಬ್ಯಾಡಗಿಯಲ್ಲಿ ಹತ್ತುತ್ತಿದ್ದವರು ಆಪಾ. ಅವರ ಮನೆಮಾತಿನಲ್ಲಿ ಅಕ್ಕ ಎಂದರೆ ಆಪಾ, ನಾನೂ ಹಾಗೇ ಕರೆಯುತ್ತಿದ್ದೆ. ನನಗಿಂತ ಏಳೆಂಟು ವರ್ಷ ದೊಡ್ಡವರು. ಹಾವೇರಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಅವರ ಮನೆ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ಸುಗ್ಗಿಯ ತಿಂಗಳುಗಳಲ್ಲಿ ಅವರು ಬಂದು ಪಕ್ಕದಲ್ಲಿ ಕೂತರೆ ಒಣ ಮೆಣಸಿನಕಾಯಿಯ ಬೆಚ್ಚಗಿನ ವಾಸನೆಯೂ ಜೊತೆಗೆ ಬಂದು ಕೂರುತ್ತಿತ್ತು. ನಾವು ಮಾತಾಡುತ್ತಿದ್ದದ್ದು ಬಹಳ ದೊಡ್ಡ ವಿಷಯಗಳನ್ನೇನಲ್ಲ. ಯಾರ ಮಗಳಿಗೆ ಗಂಡು ನೋಡಿದರು, ಬದನೆಕಾಯಿ ಎಣಗಾಯಿಗೆ ಎಷ್ಟು ಶೇಂಗಾ ಪುಡಿ ಹಾಕಬೇಕು, ಇಂಥವು. ಆದರೆ ಇಷ್ಟು ವರ್ಷ ಒಂದೇ ಕಿಟಕಿಯಿಂದ ಒಂದೇ ಹೊಲಗಳನ್ನು ನೋಡಿದವರ ನಡುವೆ ಏನೋ ಒಂದು ಬೆಳೆದುಬಿಡುತ್ತದೆ.

ರೈಲು ನಿಂತು ಕೆಲವು ವಾರಗಳಾಗಿದ್ದವು. ಒಂದು ಬೆಳಿಗ್ಗೆ ಅದೇ ಹೊತ್ತಿಗೆ ಫೋನು ಬಂತು.

"ತಂಗೀ, ಗಾಡಿ ಎಲ್ಲೀತನಕ ಬಂತು?" ಆಪಾ ಕೇಳಿದರು.

ನಾನು ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದೆ. "ಈಗ ದೇವರಗುಡ್ಡ ಬಿಟ್ಟೈತ್ರಿ ಆಪಾ. ಕಿಟಕಿ ಹತ್ರ ನಿಮಗ ಜಾಗಾ ಹಿಡದೇನಿ," ಎಂದೆ.

ಆ ಕಡೆಯಿಂದ ನಗು ಬರಲಿಲ್ಲ. "ಹಂಗಾದ್ರ ಹತ್ತೀನಿ ತಡಿ," ಎಂದರು, ಬಹಳ ಗಂಭೀರವಾಗಿ.

ಅಂದಿನಿಂದ ನಮಗದು ರೂಢಿಯಾಯಿತು. ಫೋನು ಕಿವಿಗಿಟ್ಟುಕೊಂಡು ನಾವಿಬ್ಬರೂ ಹಾವೇರಿಗೆ ಹೋಗುತ್ತಿದ್ದೆವು. ಒಬ್ಬರು ಹೊಲದಲ್ಲಿ ಮಂಜು ಇದೆ ಎಂದರೆ ಇನ್ನೊಬ್ಬರು ಕಿಟಕಿ ಇಳಿಸುತ್ತಿದ್ದರು. ನಮ್ಮ ಮನೆಯವರು ಮೊದಲು ನಕ್ಕರು, ಆಮೇಲೆ ಚಹಾ ತಂದು ಪಕ್ಕದಲ್ಲಿಟ್ಟು, "ಹಾವೇರಿ ಮುಟ್ಟಿದ ಮ್ಯಾಲೆ ಕುಡಿ," ಎಂದು ಹೋಗತೊಡಗಿದರು.

ಎರಡನೆಯ ಬೇಸಿಗೆಯಲ್ಲಿ ಆ ಫೋನೂ ನಿಂತಿತು. ನಾನೇ ಮಾಡಿದೆ. ಎತ್ತಿದವಳು ಅವರ ಸೊಸೆ. "ಅತ್ತೀಗೆ ಉಸಿರು ಸಾಲವಲ್ತಾಗಿತ್ರಿ. ನಿನ್ನೆ ಹಾವೇರಿಗೆ ಒಯ್ದಾರ," ಎಂದಳು. ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆ ಎಂದು ನೆನಪಿಲ್ಲ. ನೆನಪಿರುವುದು ಒಂದೇ: ಬೆಳಿಗ್ಗೆ ಆ ಹೊತ್ತಿಗೆ ಕಟ್ಟೆಯ ಮೇಲೆ ಕೂತು, ಫೋನು ಕೈಯಲ್ಲಿ ಹಿಡಿದು, ಯಾರಿಗೂ ಮಾಡದೆ ಸುಮ್ಮನೆ ಇರುತ್ತಿದ್ದದ್ದು.

ಆಪಾ ಉಳಿದರು. ಮನೆಗೆ ಬಂದರು. ಆದರೆ ಎರಡು ಕಳೆದುಕೊಂಡು ಬಂದಿದ್ದರು. ಒಂದು, ವಾಸನೆ. ಬ್ಯಾಡಗಿಯಂಥ ಬ್ಯಾಡಗಿಯಲ್ಲಿ ಕೂತು ಮೂಗಿಗೆ ಏನೂ ಹತ್ತದಾಗಿತ್ತು. ಇನ್ನೊಂದನ್ನು ಅವರು ಫೋನಿನಲ್ಲಿ ಬಹಳ ತಡವಾಗಿ ಹೇಳಿದರು.

"ಆ ಅಂಬುಲೆನ್ಸಿನ್ಯಾಗ ಹೋದದ್ದು ಮರೀವಲ್ತು, ತಂಗಿ. ಕಿಟಕಿ ಮುಚ್ಚಿದ್ದು. ಬಾಜೂಕ ಕುಂತಾಂವ ಮೈತುಂಬ ಬಿಳೇದು ಹಾಕ್ಕೊಂಡಿದ್ದ, ಮಾರಿ ಕಾಣಲಿಲ್ಲ. ಮಾತಾಡ್ಸಿದೆ. ಅವಗ ಕೇಳಲಿಲ್ಲ. ಜೀವಮಾನದಾಗ ಎಷ್ಟ ಸಲ ಹಾವೇರಿಗೆ ಹೋಗೇನಿ, ಒಬ್ರ ಕೂಡ ಮಾತಾಡಲಾರದ ಹೋದದ್ದು ಅದೊಂದ ಸಲ."

ಅಂದಿನಿಂದ ಬಾಗಿಲು ಮುಚ್ಚುವ ಯಾವ ಗಾಡಿಯನ್ನೂ ಅವರಿಂದ ಹತ್ತಲಾಗುತ್ತಿರಲಿಲ್ಲ. ಮಗ ಕಾರು ತಂದು ನಿಲ್ಲಿಸಿದರೆ ಕಾಲು ಒಳಗಿಟ್ಟು ತೆಗೆದುಬಿಡುತ್ತಿದ್ದರು. ಬಸ್ಸಿನ ಮೆಟ್ಟಿಲಿನಿಂದ ಇಳಿದು ಬಂದಿದ್ದರು. ಹಾವೇರಿಯ ಕೋಣೆ ಬಿಟ್ಟುಕೊಟ್ಟರು. ಮಷೀನುಗಳು ಮನೆಯ ಪಡಸಾಲೆಗೆ ಬಂದು ಬಟ್ಟೆ ಹೊದ್ದು ಕೂತವು. ಗುತ್ತಲದಲ್ಲಿ ತಮ್ಮನ ಮನೆಯಲ್ಲಿದ್ದ ತಾಯಿಯನ್ನು ಅವರು ನೋಡಿ ಎಷ್ಟು ಕಾಲವಾಗಿತ್ತೋ.

ಇತ್ತ ನನ್ನ ಅಂಗಡಿ ತೆರೆದಿತ್ತು. ರೈಲುಗಳು ಒಂದೊಂದಾಗಿ ಬರತೊಡಗಿದ್ದರೂ ನಮ್ಮ ಪ್ಯಾಸೆಂಜರ್ ಬಂದಿರಲಿಲ್ಲ. ಬಸ್ಸಿನಲ್ಲಿ ಕೆಮ್ಮಿದವರನ್ನು ಜನ ಕಳ್ಳರನ್ನು ನೋಡಿದಂತೆ ನೋಡುತ್ತಿದ್ದ ಕಾಲ. ಮನೆಯವರು ಒಂದು ದಿನ ಬ್ಯಾಟರಿ ಸ್ಕೂಟರ್ ತಂದು ಬಾಗಿಲಲ್ಲಿ ನಿಲ್ಲಿಸಿ, "ಕಲಿ," ಎಂದರು. ಐವತ್ತರ ಹತ್ತಿರ ಬಂದಿದ್ದ ನಾನು ಸೈಕಲ್ಲನ್ನೂ ಸರಿಯಾಗಿ ಹೊಡೆದವಳಲ್ಲ. ಹಲಗೇರಿ ಕಡೆಯ ರಸ್ತೆಯಲ್ಲಿ ಬೆಳಗ್ಗೆ ಜನ ಕಡಿಮೆ. ಅಲ್ಲಿ ಅವರು ಹಿಂದೆ ಕೂತು ಕಲಿಸಿದರು.

"ಬ್ರೇಕ್ ಹಿಡಿ, ನನ್ನ ಕೈ ಹಿಡೀಬ್ಯಾಡ!" ಎಂದು ಕೂಗುತ್ತಿದ್ದರು.

"ನೀವು ಹಿಂದಿಂದ ಒದರಬ್ಯಾಡ್ರಿ, ಅದಕ್ಕ ಅಂಜಿಕಿ ಬರ್ತೈತಿ," ಎನ್ನುತ್ತಿದ್ದೆ.

ಒಂದು ದಿನ ಅವರು ಇಳಿದುಬಿಟ್ಟಿದ್ದಾರೆಂದು ನನಗೆ ಗೊತ್ತೇ ಆಗಲಿಲ್ಲ. ಎರಡೂ ಕಡೆ ಗೋವಿನಜೋಳ, ಮೇಲೆ ಬಿಳಿ ಮೋಡ, ಸದ್ದೇ ಇಲ್ಲದ ಗಾಡಿ. ಎಂಜಿನ್ ಇಲ್ಲದ್ದರಿಂದ ಗಾಳಿಯ ಸದ್ದು, ತೆನೆ ತೆನೆಗೆ ತಾಗುವ ಸದ್ದು, ಎಲ್ಲೋ ಬೋರಿನ ನೀರು ಬೀಳುವ ಸದ್ದು ಎಲ್ಲ ಕೇಳುತ್ತಿತ್ತು. ನಾನು ಓಡಿಸುತ್ತಿದ್ದೇನೆ ಎನ್ನುವುದಕ್ಕಿಂತ ರಸ್ತೆಯೇ ನನ್ನ ಕೆಳಗೆ ಹಿಂದಕ್ಕೆ ಹರಿಯುತ್ತಿದೆ ಎನ್ನಿಸಿತು. ತಿರುಗಿ ನೋಡಿದರೆ ಗಂಡ ದೂರದಲ್ಲಿ ಒಂದು ಚುಕ್ಕಿಯಾಗಿ ಕೈ ಬೀಸುತ್ತಿದ್ದರು.

ಧೈರ್ಯ ಬಂದ ಮೇಲೆ ಒಂದು ಭಾನುವಾರ ಬ್ಯಾಡಗಿಗೆ ಹೋದೆ. ಸುಗ್ಗಿಯ ಕಾಲ. ಊರಿನ ಹೊರಗಿನ ಕಣಗಳಲ್ಲಿ ಮೆಣಸಿನಕಾಯಿ ಹರವಿದ್ದರು. ನೆಲವೇ ಕೆಂಪಾಗಿ, ಆ ಕೆಂಪಿನ ನಡುವೆ ಹೆಂಗಸರು ಸೆರಗು ಮುಚ್ಚಿಕೊಂಡು ತೊಟ್ಟು ಮುರಿಯುತ್ತ ಕೂತಿದ್ದರು. ಆಪಾ ಬಾಗಿಲಿಗೆ ಬಂದು ನನ್ನನ್ನೂ ಸ್ಕೂಟರನ್ನೂ ಒಂದೇ ಬೆರಗಿನಲ್ಲಿ ನೋಡಿದರು. ತೆಳ್ಳಗಾಗಿದ್ದರು. ಎರಡು ವರ್ಷದ ಮೇಲೆ ಮುಖ ನೋಡುತ್ತಿದ್ದೆವು. ಅಷ್ಟರಲ್ಲಿ ಬೀದಿಯಲ್ಲಿ ಚೀಲ ಹೊತ್ತ ಗಾಡಿಯೊಂದು ಹೋಯಿತು. ಘಾಟಿಗೆ ನಾನು ಸೀನಿದೆ, ಅವರೂ ಸೀನಿದರು.

"ವಾಸನಿ ಬಂತೇನ್ರಿ!" ಎಂದೆ, ಖುಷಿಯಿಂದ.

"ಇಲ್ಲ ತಂಗಿ. ಸೀನು ಬರ್ತೈತಿ, ವಾಸನಿ ಬರಂಗಿಲ್ಲ," ಎಂದು ಅವರು ಮೂಗು ಒರೆಸಿಕೊಂಡು ನಕ್ಕರು. ನಗುತ್ತಲೇ ಕಣ್ಣು ತುಂಬಿದವು, ಅದು ಘಾಟಿಗೆ ಎಂದು ಇಬ್ಬರೂ ಅಂದುಕೊಂಡೆವು.

ಊಟವಾದ ಮೇಲೆ ನಾನು ಕೇಳಿದೆ. "ಇದಕ್ಕ ಬಾಗಲಿಲ್ಲ, ಕಿಟಕಿ ಇಲ್ಲ. ಕುಂದ್ರತೀರೇನು ಹಿಂದ?"

ಬಹಳ ಹೊತ್ತು ಅವರು ಸ್ಕೂಟರಿನ ಸೀಟನ್ನು ಸವರುತ್ತ ನಿಂತರು. ಕೊನೆಗೆ ಬುರ್ಖಾ ಹಾಕಿಕೊಂಡು ಬಂದು, ನನ್ನ ಹೆಗಲಿಗೆ ಕೈಯಿಟ್ಟು ಹತ್ತಿದರು. ಓಣಿ ದಾಟಿ ಹೊಲದ ರಸ್ತೆ ಸೇರುವವರೆಗೂ ಆ ಕೈ ಗಟ್ಟಿಯಾಗಿ ಒತ್ತಿತ್ತು. ಆಮೇಲೆ ಸಡಿಲವಾಯಿತು. ಹಿಂತಿರುಗಿ ಮನೆ ಮುಂದೆ ಇಳಿದಾಗ ಅವರು ಹೇಳಿದ್ದು ಒಂದೇ ಮಾತು.

"ಗುತ್ತಲಕ್ಕ ಹೋಗೂನೇನು?"

ಮುಂದಿನ ಭಾನುವಾರ ಹೋದೆವು. ಬ್ಯಾಡಗಿಯಿಂದ ಹಾವೇರಿ, ಹಾವೇರಿಯಿಂದ ಗುತ್ತಲ. ಮನೆಯವರು ಚಾರ್ಜಿನ ಲೆಕ್ಕ ಹಾಕಿ, "ಒಬ್ಬಾಕಿ ಹೋದ್ರ ಮುಟ್ಟತೈತಿ, ಇಬ್ರು ಕುಂತ್ರ ದೇವರಿಗೆ ಬಿಟ್ಟದ್ದು," ಎಂದಿದ್ದರು. ದಾರಿಯುದ್ದಕ್ಕೂ ಆಪಾ ಮಾತಾಡಿದರು. ಹಿಂದಿನ ಸೀಟಿನಿಂದ ಬರುವ ಮಾತು ಅರ್ಧ ನನಗೆ, ಅರ್ಧ ಗಾಳಿಗೆ. ಹಾವೇರಿ ದಾಟಿ ಬಹಳ ದೂರ ಬಂದ ಮೇಲೆ ಗಾಡಿ ನಿಧಾನವಾಯಿತು. ಸದ್ದಿಲ್ಲದೆ ಬಂದದ್ದು ಸದ್ದಿಲ್ಲದೆ ನಿಂತಿತು.

ನಾನು ಹೆದರಿದೆ. ಆಪಾ ಇಳಿದು, ಬುರ್ಖಾ ಎತ್ತಿ ಕಟ್ಟಿಕೊಂಡು, "ನೂಕೂನು ನಡಿ," ಎಂದರು. ಮುಂದಿನ ಹಳ್ಳಿಯ ಮೊದಲಿಗೇ ಒಂದು ಹಿಟ್ಟಿನ ಗಿರಣಿ ಇತ್ತು. ನಡೆಸುವವಳು ಒಬ್ಬ ಹೆಂಗಸು. ಹುಬ್ಬು, ರೆಪ್ಪೆಯೆಲ್ಲ ಹಿಟ್ಟಾಗಿ, ನಗುತ್ತಲೇ ಹೊರಗೆ ಬಂದಳು.

"ಇದಕ್ಕ ಏನ್ ಹಾಕ್ತೀರ್ರಿ, ಪೆಟ್ರೋಲೇನು?"

"ಇಲ್ಲವಾ, ಕರೆಂಟ್ ಬೇಕು," ಎಂದೆ.

"ಕರೆಂಟ್ ನಮಗೂ ಬೇಕ್ರಿ. ಮಧ್ಯಾಹ್ನ ಬರ್ತೈತಿ. ಕುಂದರ್ರಿ," ಎಂದು ಬೇವಿನಮರದ ಕೆಳಗಿನ ಕಟ್ಟೆ ತೋರಿಸಿದಳು.

ಅಲ್ಲಿ ಆಗಲೇ ಜೋಳ, ಗೋಧಿಯ ಚೀಲ ಇಟ್ಟುಕೊಂಡು ನಾಲ್ಕಾರು ಹೆಂಗಸರು ಕೂತಿದ್ದರು. ನಮ್ಮ ಸ್ಕೂಟರನ್ನೂ ಚೀಲಗಳ ಸಾಲಿನಲ್ಲಿ ನಿಲ್ಲಿಸಿದೆವು. ಎಲ್ಲರೂ ಕಾಯುತ್ತಿದ್ದದ್ದು ಒಂದೇ ಕರೆಂಟಿಗೆ. ನೆರಳು ನಿಧಾನ ಸರಿಯುತ್ತಿತ್ತು, ಅದರ ಜೊತೆ ನಾವೂ ಕಟ್ಟೆಯ ಮೇಲೆ ಸರಿಯುತ್ತಿದ್ದೆವು. ಯಾರೋ ಮಜ್ಜಿಗೆ ತಂದುಕೊಟ್ಟರು. ಎರಡು ವರ್ಷದಿಂದ ಇನ್ನೊಬ್ಬರ ಲೋಟ ಮುಟ್ಟದಿದ್ದ ನಾನು ಅದನ್ನು ಕುಡಿದು ಮುಗಿಸಿದ ಮೇಲೆಯೇ ಆ ವಿಷಯ ನೆನಪಾಯಿತು.

ಆ ದಿನಗಳಲ್ಲಿ ಟಿವಿಯಲ್ಲಿ, ಪೇಪರಿನಲ್ಲಿ ಒಂದೇ ಮಾತು. ಇನ್ನು ಮುಂದೆ ಜನ ಪ್ರಯಾಣ ಮಾಡುವ ರೀತಿಯೇ ಬದಲಾಗುತ್ತದೆ, ಸೀಟಿಗೂ ಸೀಟಿಗೂ ನಡುವೆ ಗಾಜು ಬರುತ್ತದೆ, ಒಬ್ಬೊಬ್ಬರೇ ಹೋಗುತ್ತಾರೆ, ಹೋಗಲೇಬೇಕಾಗಿಲ್ಲ, ಮನೆಯಲ್ಲೇ ಎಲ್ಲ ಆಗುತ್ತದೆ. ಗಿರಣಿಯವಳೂ ಅದನ್ನು ನೋಡಿದ್ದಳು.

"ಮುಂದ ಡ್ರೈವರ್ ಇಲ್ದ ಗಾಡಿ ಬರ್ತಾವಂತ. ತಾನ ಹಾದಿ ಹುಡುಕ್ಕೊಂಡು ಹೊಕ್ಕಾವಂತ. ಖರೇನ್ರಿ?" ಎಂದು ನನ್ನನ್ನು ಕೇಳಿದಳು.

ನನಗಿಂತ ಮೊದಲು ಆಪಾ ಹೇಳಿದರು. "ಬರಲಿ ಬಿಡವಾ. ಆದ್ರ ಹಾದಿ ತಪ್ಪಿದ್ರ ಅದು ಯಾರನ್ನ ಕೇಳ್ತೈತಿ? ಇಲ್ಲಿ ಬಂದು ನಿಂತ್ರ ನೀ ಮಜ್ಜಿಗಿ ಯಾರಿಗೆ ಕೊಡ್ತಿ?"

ಕಟ್ಟೆಯೆಲ್ಲ ನಕ್ಕಿತು. ಆ ನಗುವಿನಲ್ಲೇ ಆಪಾ ಪಕ್ಕದ ಹೆಂಗಸಿನ ಜಂಪರಿನ ತೋಳು ಹಿಡಿದು ನೋಡಿ, "ಇದನ್ನ ಯಾರ ಹೊಲದಾರ? ಕೈ ಎತ್ತಾಕ ಬರತೈತೇನು?" ಎಂದರು. ಬ್ಯಾಗಿನಿಂದ ಸೂಜಿದಾರ ತೆಗೆದರು. ಗಿರಣಿಯ ಒಳಗೆ ಹೋಗಿ ಆಕೆ ಜಂಪರ್ ಬಿಚ್ಚಿ, ಸೆರಗು ಹೊದ್ದು ಬಂದಳು. ಆಪಾ ಕಂಕುಳಿನ ಹೊಲಿಗೆ ಬಿಚ್ಚಿ, ಒಂದು ತುಂಡು ಬಟ್ಟೆ ಸೇರಿಸಿ, ಕೈಯಿಂದಲೇ ಹೊಲಿಯತೊಡಗಿದರು. ಸುತ್ತ ಹೆಂಗಸರು ಬಗ್ಗಿ ನೋಡಿದರು. ಅವರಲ್ಲಿ ಒಬ್ಬ ಹುಡುಗಿ ಹೇಳಿದಳು.

"ನಾನೂ ಹಾವೇರಿಗೆ ಹೋಗಿ ಕಲೀಬೇಕಂತ ಮಾಡಿದ್ದೆ ನೋಡ್ರಿ. ಮುಂಜಾನಿ ಬಸ್ಸಿತ್ತು. ಕರೋನಾದಾಗ ನಿಂತದ್ದು ತಿರುಗಿ ಬರಲೇ ಇಲ್ಲ. ಈಗ ಹೋದ್ರ ಬರಾಕ ಆಗಂಗಿಲ್ಲ, ಬಂದ್ರ ಹೋಗಾಕ ಆಗಂಗಿಲ್ಲ."

ಆಪಾ ತಲೆ ಎತ್ತಿ ಅವಳನ್ನು ನೋಡಿದರು. ಮತ್ತೆ ಹೊಲಿಗೆಗೆ ಬಗ್ಗಿದರು. ನನಗೆ ಕಣ್ಣು ಎಳೆಯುತ್ತಿತ್ತು. ಬೇವಿನ ಎಲೆಗಳ ನಡುವಿನ ಬೆಳಕು ರೆಪ್ಪೆಯ ಮೇಲೆ ಆಡುತ್ತಿತ್ತು. ಚೀಲಕ್ಕೆ ತಲೆಯಿಟ್ಟು ಅಲ್ಲೇ ನಿದ್ದೆ ಹೋದೆ. ಪರ ಊರಿನ ಕಟ್ಟೆಯ ಮೇಲೆ, ಹೆಸರು ಗೊತ್ತಿಲ್ಲದವರ ಮಾತಿನ ನಡುವೆ, ಅಷ್ಟು ನಿಶ್ಚಿಂತೆಯ ನಿದ್ದೆ ನನಗೆ ಯಾವ ಪ್ರಯಾಣದಲ್ಲೂ ಬಂದಿರಲಿಲ್ಲ. ಎಚ್ಚರವಾದಾಗ ಗಿರಣಿ ಗುಡುಗುತ್ತಿತ್ತು, ಹಿಟ್ಟಿನ ಹುಡಿ ಬಾಗಿಲಿನಿಂದ ಹೊಗೆಯಂತೆ ಬರುತ್ತಿತ್ತು, ಸ್ಕೂಟರಿನ ತಂತಿ ಕಿಟಕಿಯ ಮೂಲಕ ಒಳಗೆ ಹೋಗಿತ್ತು.

ಗುತ್ತಲ ಮುಟ್ಟಿದಾಗ ಬಿಸಿಲು ಇಳಿದಿತ್ತು. ಆಪಾನ ತಾಯಿ ಅಂಗಳದಲ್ಲಿ ಹೊರಸಿನ ಮೇಲೆ ಕೂತು ಮೊಮ್ಮಕ್ಕಳಿಗೆ ಬೈಯುತ್ತಿದ್ದರು. ಮಗಳನ್ನು ನೋಡಿ ಏಳಲಿಲ್ಲ, ಅಳಲಿಲ್ಲ. ಎರಡೂ ಕೈಯಲ್ಲಿ ಅವಳ ಮುಖ ಹಿಡಿದು, ಮೂಸಿದರು. ಸಣ್ಣ ಕೂಸಿನ ನೆತ್ತಿ ಮೂಸುವ ಹಾಗೆ. "ಬೇಟಿ, ನಿನ್ನ ಮೈಗೆ ಹಿಟ್ಟಿನ ವಾಸನಿ ಯಾಕ ಬರಾಕತ್ತೈತಿ?" ಎಂದರು. ಆಗ ಆಪಾ ಅತ್ತರು. ತಾಯಿಯ ಮಡಿಲಲ್ಲಿ ತಲೆಯಿಟ್ಟು, ಉರ್ದುವಿನಲ್ಲಿ ಏನೇನೋ ಹೇಳುತ್ತ, ಹೊಟ್ಟೆತುಂಬ ಅತ್ತರು. ನಾನು ಹೊರಗೆ ಬಂದು ಸ್ಕೂಟರ್ ಒರೆಸುತ್ತ ನಿಂತೆ.

ಆ ರಾತ್ರಿ ಅಲ್ಲೇ ಉಳಿದೆವು. ಬೆಳಿಗ್ಗೆ ಹೊಳೆಗೆ ಹೋದೆವು. ತುಂಗಭದ್ರೆ ಬೇಸಿಗೆಗೆ ಸಣ್ಣಗಾಗಿ, ಮರಳಿನ ನಡುವೆ ಎಳೆ ಎಳೆಯಾಗಿ ಹರಿಯುತ್ತಿದ್ದಳು. ಆಪಾ ಕಾಲು ನೀರಿನಲ್ಲಿಟ್ಟು ಕೂತು ಆಚೆ ದಡ ನೋಡುತ್ತ ಹೇಳಿದರು.

"ಆ ಹುಡುಗಿ ಹೇಳಿದ್ದು ಕೇಳಿದೇನು? ಬಸ್ಸು ಬರಲಿಲ್ಲ ಅಂತ. ಅವರಿಗೆ ಬರಾಕ ಆಗವಲ್ತು. ನನಗ ಬಾಗಲಾ ಮುಚ್ಚಿದ ಗಾಡ್ಯಾಗ ಹೋಗಾಕ ಆಗವಲ್ತು. ಬಾಗಲಾ ಇಲ್ದ ಗಾಡಿ ನಾನ ತಗೊಂಡು ಅವರ ಕಡೆ ಹೋದ್ರ?"

"ಸ್ಕೂಟರ್ ಮ್ಯಾಲೆ ಮಷೀನು ಹೆಂಗ ಒಯ್ತೀರಿ ಆಪಾ?"

"ಸ್ಕೂಟರ್ ಯಾಕ? ಆಟೋ."

ನಾನು ನಕ್ಕೆ. ಅವರು ನಗಲಿಲ್ಲ.

ಮಗ ಒಪ್ಪಲು ಬಹಳ ದಿನ ಹಿಡಿಯಿತು. ಈ ವಯಸ್ಸಿನಲ್ಲಿ ಆಟೋ ಓಡಿಸುತ್ತೀಯಾ, ಓಣಿಯವರು ಏನಂದಾರು ಎಂದ. ಆಪಾ ಜಗಳವಾಡಲಿಲ್ಲ. ನನ್ನನ್ನು ಕರೆಸಿಕೊಂಡು ಅವನ ಮುಂದೆಯೇ ಊರ ಹೊರಗಿನ ಬಯಲಿನಲ್ಲಿ ನನ್ನ ಸ್ಕೂಟರ್ ಕಲಿಯತೊಡಗಿದರು. ಒಂದು ಸಲ ಬೇಲಿಗೆ ಹೋಗಿ ಬಿದ್ದರು. ಮೊಣಕೈ ಕೆತ್ತಿತು. ಎದ್ದು, ಬುರ್ಖಾದ ಮುಳ್ಳು ಕೀಳುತ್ತ, "ಈಗ ಬ್ರೇಕ್ ಎಲ್ಲಿ ಐತಿ ಗೊತ್ತಾತು," ಎಂದರು. ಅದನ್ನು ನೋಡಿದ ಮಗ ಮರುವಾರವೇ ಪರಿಚಯದವರೊಬ್ಬರ ಬ್ಯಾಟರಿ ಆಟೋ ತಂದು, ಪಕ್ಕದಲ್ಲಿ ಕೂತು ಕಲಿಸಿದ. ಲೈಸೆನ್ಸಿನ ಪರೀಕ್ಷೆಗೆ ಹಾವೇರಿಗೆ ಹೋಗುವಾಗ ನನಗೂ ಬರಲು ಹೇಳಿದ್ದರು. ಎಂಟರ ಆಕಾರದಲ್ಲಿ ಆಟೋ ತಿರುಗಿಸಿ ನಿಲ್ಲಿಸಿದಾಗ ಪರೀಕ್ಷೆ ಮಾಡುವವರು, "ಎಷ್ಟ ವರ್ಷದಿಂದ ಹೊಡೀತೀರಿ ತಾಯಿ?" ಎಂದರು.

ಈಗ ಅವರ ಸ್ವಂತ ಆಟೋ ಇದೆ. ಹಿಂದೆ ಎರಡು ಮಷೀನು ಕಟ್ಟಿರುತ್ತಾರೆ. ವಾರದ ಒಂದೊಂದು ದಿನ ಒಂದೊಂದು ಹಳ್ಳಿ. ಎಲ್ಲಾದರೂ ಮರದ ಕೆಳಗೆ, ಯಾರದಾದರೂ ಪಡಸಾಲೆಯಲ್ಲಿ ಕ್ಲಾಸು. ಕಲಿಯುವವರ ಮನೆಯಲ್ಲೇ ಆಟೋ ಚಾರ್ಜಿಗೆ. ಗಿರಣಿಯ ಹಳ್ಳಿಗೆ ಬುಧವಾರ. ನಮ್ಮ ಕಡೆಯ ರೈಲೂ ಬರುತ್ತಿದೆ, ಆದರೆ ಹೊತ್ತು ಬೇರೆ, ಮುಖಗಳೂ ಬೇರೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಬಸ್ಸುಗಳು ತುಂಬಿ ತುಳುಕುತ್ತವೆ. ಹಿಂದೆ ಮನೆ ಬಿಟ್ಟು ಹೊರಡದಿದ್ದ ನಮ್ಮ ಎದುರು ಮನೆಯ ಅಜ್ಜಿ ತಿಂಗಳಿಗೊಮ್ಮೆ ಎಲ್ಲಿಗಾದರೂ ಹೋಗಿ ಬರುತ್ತಾಳೆ. ಟಿವಿಯವರು ಹೇಳಿದ ಗಾಜು ಎಲ್ಲಿಯೂ ಬರಲಿಲ್ಲ. ಜನ ಮತ್ತೆ ಒಬ್ಬರ ಹೆಗಲಿಗೆ ಒಬ್ಬರು ನಿದ್ದೆ ಮಾಡುತ್ತ ಹೋಗುತ್ತಿದ್ದಾರೆ. ಆಪಾಗೆ ವಾಸನೆ ಪೂರ್ತಿ ಬಂದಿಲ್ಲ. ಹಸಿ ಕೊತ್ತಂಬರಿ ಒಂದಿಷ್ಟು ತಿಳಿಯುತ್ತದಂತೆ, ಹೊಸ ಬಟ್ಟೆ ತಿಳಿಯುತ್ತದಂತೆ. ಬಸ್ಸು ಹತ್ತುತ್ತಾರೆ, ಕಿಟಕಿ ತೆರೆದಿದ್ದರೆ. ಕಾರು ಇನ್ನೂ ಆಗುವುದಿಲ್ಲ.

ಕೆಲವು ಭಾನುವಾರ ನಾನೂ ಅವರ ಜೊತೆ ಹೋಗುತ್ತೇನೆ. ಅಂಗಡಿಯ ಮಾಲೀಕರನ್ನು ಕೇಳಿ ಕಣ್ಣು ನೋಡುವ ಗಾಜುಗಳ ಪೆಟ್ಟಿಗೆ ಒಯ್ಯುತ್ತೇನೆ. ಸೂಜಿಗೆ ದಾರ ಪೋಣಿಸಲು ಆಗದವರು ಮೊದಲು ನನ್ನ ಹತ್ತಿರ ಕೂತು, ಆಮೇಲೆ ಆಪಾನ ಹತ್ತಿರ ಹೋಗುತ್ತಾರೆ. ಹೋದ ತಿಂಗಳು ಹಾಗೆ ಹೋಗಿ ಹಿಂತಿರುಗುವಾಗ ಮಧ್ಯಾಹ್ನದ ಮೇಲೆ ಮೋಡ ಕಟ್ಟಿತು. ಒಂದು ಕಡೆ ಆಕಾಶ ಮಸಿಯಂತಾಗಿ, ಇನ್ನೊಂದು ಕಡೆ ಹೊಲದ ಮೇಲೆ ಹಳದಿ ಬಿಸಿಲು ಬಿದ್ದಿತ್ತು. ಮೂರು ದಾರಿ ಕೂಡುವಲ್ಲಿ ಆಪಾ ಆಟೋ ನಿಲ್ಲಿಸಿ ಹಿಂದೆ ತಿರುಗಿದರು.

"ಯಾವ ಕಡೆ ಹೋಗೂನು?"

"ನಮ್ಮ ಹಾದಿ ಎಡಕ್ಕಲ್ಲೇನ್ರಿ?"

"ಎಡಕ್ಕ ಮಳಿ ಐತಿ. ಮಷೀನು ತೊಯ್ತಾವ."

"ಬಲಕ್ಕ ಎಲ್ಲಿಗೆ ಹೋಗ್ತೈತಿ?"

"ನನಗೇನ್ ಗೊತ್ತು? ಅಲ್ಲೂ ಮಂದಿ ಇರ್ತಾರ, ಕೇಳೂನು," ಎಂದು ಆಪಾ ಹ್ಯಾಂಡಲ್ ಬಲಕ್ಕೆ ತಿರುಗಿಸಿದರು.